‘ಮರೆತುಬಿಡಿ’ ಒತ್ತುವ ಮೊದಲು

ಚಿಕ್ಕಮಗಳೂರಿನ ಇಂದಿರಾ ಗಾಂಧಿ ರಸ್ತೆಗೆ ಸೇರಿಕೊಳ್ಳುವ ಒಂದು ಅಡ್ಡರಸ್ತೆಯಲ್ಲಿ, ಎರಡು ಕುರ್ಚಿ, ಒಂದು ಬೆಸುಗೆಯ ಮೇಜು, ಒಂದು ಗಾಜಿನ ಕೌಂಟರ್ ಇರುವ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಾನು ಹನ್ನೆರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಡೆದ ಡಿಸ್‌ಪ್ಲೇ, ಉಬ್ಬಿದ ಬ್ಯಾಟರಿ, ಸಡಿಲವಾದ ಚಾರ್ಜಿಂಗ್ ಪಿನ್ನು ಇವೆಲ್ಲ ಕಣ್ಣಿಗೆ ಕಾಣುವ ಕಾಯಿಲೆಗಳು. ಗಿರಾಕಿಯನ್ನು ಹೆಚ್ಚೇನೂ ಕೇಳದೆಯೇ ಕೆಲಸ ಮುಗಿಸಬಹುದು. “ಅಪ್‌ಡೇಟ್ ಮಾಡಿದೆ, ಆಮೇಲೆ ವೈ-ಫೈ ಹಿಡಿಯುತ್ತಿಲ್ಲ” ಎಂದು ಬರುವವರ ವಿಷಯ ಹಾಗಲ್ಲ. ಆ ಮಾತಿನಲ್ಲಿ ‘ಆಮೇಲೆ’ ಎಂಬುದಷ್ಟೇ ನಮಗೆ ಸಿಕ್ಕಿರುವ ಸಾಕ್ಷಿ. ‘ಅದರಿಂದಾಗಿಯೇ’ ಎಂಬುದನ್ನು ನಾವು ಹುಡುಕಿ ಖಚಿತಪಡಿಸಿಕೊಳ್ಳಬೇಕು. ಆ ಹುಡುಕಾಟವನ್ನು ಮಾಡದೆ ನಾನು ಒಬ್ಬರ ಫೋನನ್ನು ಪೂರ್ತಿಯಾಗಿ ಅಳಿಸಿಹಾಕಿದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

2020ರ ಮಳೆಗಾಲ. ಆಲ್ದೂರಿನಾಚೆಯ ಒಂದು ಕಾಫಿ ತೋಟದ ರೈಟರ್ ನಮ್ಮಲ್ಲಿಗೆ ಬಂದರು. ರೈಟರ್ ಎಂದರೆ ತೋಟದ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲವನ್ನೂ ಬರೆದಿಡುವವರು ಎಂದು ಬಯಲುಸೀಮೆಯ ಓದುಗರಿಗಾಗಿ ಹೇಳಿಬಿಡುತ್ತೇನೆ. ಅವರ ತೋಟದ ಬಂಗಲೆ ಒಂದು ಕಣಿವೆಯ ತಗ್ಗಿನಲ್ಲಿತ್ತು. ಮೊಬೈಲ್ ಸಿಗ್ನಲ್ ಬೇಕೆಂದರೆ ಕಣದ ಮೇಲಿನ ದಿಣ್ಣೆ ಹತ್ತಬೇಕಿತ್ತು. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ವೈ-ಫೈ ಮೂಲಕವೇ ಮಾಮೂಲಿ ಕರೆ ಮಾಡುವ ಸೌಲಭ್ಯವನ್ನು ತಂದ ಮೇಲೆ ಇಂಥ ತೋಟಗಳ ಬದುಕೇ ಬದಲಾಗಿತ್ತು. ಬೆಂಗಳೂರಿನಲ್ಲಿದ್ದ ಮಾಲೀಕರ ಮಕ್ಕಳು ಶಾಲೆ ಮುಚ್ಚಿದ್ದರಿಂದ ತೋಟಕ್ಕೆ ಬಂದು ಆನ್‌ಲೈನ್ ತರಗತಿ ಕೇಳುತ್ತಿದ್ದರು. ಅವರಿಗಾಗಿ ಎಳೆಸಿದ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲೇ ರೈಟರ್ ಅವರ ಫೋನೂ ಮಾತಾಡುತ್ತಿತ್ತು. ಹಾಗಾಗಿ ಅವರ ಫೋನಿನಲ್ಲಿ ವೈ-ಫೈ ಹೋಯಿತೆಂದರೆ ಸಿನಿಮಾ ನೋಡುವುದು ತಪ್ಪಿತೆಂದಲ್ಲ, ಕೂಲಿಯವರಿಗೆ ಬೆಳಗಿನ ಕರೆ ಮಾಡುವುದೂ ನಿಂತಿತೆಂದು ಅರ್ಥ.

ಅಪ್‌ಡೇಟ್ ಆದ ಮರುದಿನ ಫೋನ್ ಸ್ವಲ್ಪ ನಿಧಾನವಾಗಿತ್ತಂತೆ. ದೊಡ್ಡ ಅಪ್‌ಡೇಟ್ ಆದ ಮೇಲೆ ಫೋನು ಒಳಗೊಳಗೇ ಆ್ಯಪ್‌ಗಳನ್ನೆಲ್ಲ ಹೊಸದಾಗಿ ಜೋಡಿಸಿಕೊಳ್ಳುವುದರಿಂದ ಒಂದೆರಡು ದಿನ ಬಿಸಿಯಾಗುವುದು, ತಡವರಿಸುವುದು ಮಾಮೂಲಿ. ಆದರೆ ಪರಿಚಯದ ಹುಡುಗನೊಬ್ಬ, “ವೈ-ಫೈ ಹೆಸರಿನ ಮೇಲೆ ಒತ್ತಿ ‘ಮರೆತುಬಿಡಿ’ ಕೊಟ್ಟು, ಮತ್ತೆ ಪಾಸ್‌ವರ್ಡ್ ಹಾಕಿ” ಎಂದು ಸಲಹೆ ಕೊಟ್ಟಿದ್ದ. ಹಾಗೆ ಮಾಡಿದ್ದೇ ತಡ, ಅಲ್ಲಿಯವರೆಗೆ ನಿಧಾನವಾಗಿಯಾದರೂ ಬರುತ್ತಿದ್ದ ಸಂಪರ್ಕ ಪೂರ್ತಿ ನಿಂತುಹೋಯಿತು. ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಬಂಗಲೆಯ ಬೇರೆ ಫೋನುಗಳೆಲ್ಲ ಅದೇ ಪಾಸ್‌ವರ್ಡಿನಿಂದ ಓಡುತ್ತಿದ್ದವು.

ನಮ್ಮ ಅಂಗಡಿಯ ವೈ-ಫೈಗೆ ಅದನ್ನು ಹಾಕಿ ನೋಡಿದೆ. ತಕ್ಷಣ ಹಿಡಿಯಿತು. ಇಂದು ಯಾರಾದರೂ ಹೊಸ ಹುಡುಗ ನನ್ನ ಮುಂದೆ ಇದನ್ನು ಮಾಡಿದರೆ ಅಲ್ಲೇ ಅವನ ಕೈ ಹಿಡಿದು ನಿಲ್ಲಿಸುತ್ತೇನೆ, ಏಕೆಂದರೆ ರೋಗ ಫೋನಿನಲ್ಲಿಲ್ಲ ಎಂಬುದನ್ನು ಫೋನೇ ಹೇಳಿಬಿಟ್ಟಿದೆ. ಆ ದಿನ ನನಗೆ ಅದು ಕೇಳಿಸಲಿಲ್ಲ. “ಸರಿಹೋಯಿತು ರೈಟ್ರೇ” ಎಂದು ನೆಟ್‌ವರ್ಕ್ ಸೆಟ್ಟಿಂಗ್ ಅನ್ನು ಒಮ್ಮೆ ರೀಸೆಟ್ ಮಾಡಿ ಕಳಿಸಿದೆ. ನಾಲ್ಕು ದಿನ ಬಿಟ್ಟು ಅವರು ಅದೇ ಮಳೆಯಲ್ಲಿ ಮತ್ತೆ ಬಂದರು, ತೋಟದಲ್ಲಿ ಹಿಡಿಯುತ್ತಿಲ್ಲ. ಅಪ್‌ಡೇಟಿನಲ್ಲೇ ಏನೋ ಕೆಟ್ಟಿದೆ, ಫ್ಯಾಕ್ಟರಿ ರೀಸೆಟ್ ಮಾಡಿದರೆ ಎಲ್ಲ ಹೊಸದಾಗುತ್ತದೆ ಎಂದು ನಾನು ತೀರ್ಮಾನಿಸಿದೆ. ನಮ್ಮ ಕಸುಬಿನಲ್ಲಿ ಕಾರಣ ಹೊಳೆಯದಿದ್ದಾಗ ಕೈ ಹೋಗುವುದೇ ಅಲ್ಲಿಗೆ.

“ಬ್ಯಾಕಪ್ ಇದೆಯಾ?” ಎಂದು ಕೇಳಿದ್ದೆ. “ಫೋಟೋ ಎಲ್ಲ ಗೂಗಲ್‌ನಲ್ಲಿ ಇದೆ ಅಂತ ಮಗ ಹೇಳಿದಾನೆ” ಎಂದರು. ಅಲ್ಲಿಗೆ ಮಾತು ಮುಗಿಯಿತು. ಬೇರೇನಾದರೂ ಬರೆದಿಟ್ಟುಕೊಂಡಿದ್ದೀರಾ ಎಂದು ನಾನು ಕೇಳಲಿಲ್ಲ. ಹೇಳಬೇಕೆಂದು ಅವರಿಗೂ ತಿಳಿಯಲಿಲ್ಲ.

ಮೂರನೇ ಸಲ ಬಂದಾಗ ಅವರು ವೈ-ಫೈ ಸುದ್ದಿಯನ್ನೇ ಮೊದಲು ಎತ್ತಲಿಲ್ಲ. “ನೋಡಪ್ಪ, ಇದರಲ್ಲಿ ಮಳೆ ಲೆಕ್ಕ ಇತ್ತು. ಎಲ್ಲಿಗೆ ಹೋಯಿತು?” ಎಂದರು. 2017ರ ಜೂನ್‌ನಿಂದ ಪ್ರತಿದಿನ ಬೆಳಿಗ್ಗೆ ಮಳೆ ಮಾಪಕ ನೋಡಿ, ಎಷ್ಟು ಇಂಚು ಎಷ್ಟು ಸೆಂಟು (ಇಂಚಿನ ನೂರನೇ ಭಾಗ) ಎಂದು ಒಂದು ಟಿಪ್ಪಣಿ ಆ್ಯಪ್‌ನಲ್ಲಿ ಬರೆದಿಡುತ್ತಿದ್ದರಂತೆ. ಅದಕ್ಕೂ ಮೊದಲಿನ ಪುಸ್ತಕವನ್ನು ಗೆದ್ದಲು ತಿಂದಿತ್ತಾದ್ದರಿಂದ ಫೋನೇ ಭದ್ರ ಎಂದುಕೊಂಡಿದ್ದರು. ಆ ಆ್ಯಪ್ ಬರೆದುದೆಲ್ಲವನ್ನೂ ಫೋನಿನೊಳಗೆ ಮಾತ್ರ ಇಡುತ್ತಿತ್ತು.

ಕಾಫಿ ನಾಡಿನವರಿಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ರೊಬಸ್ಟಾಕ್ಕೆ ಫೆಬ್ರವರಿ–ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ ಬೀಳುವ ಹೂಮಳೆ ಯಾವ ತಾರೀಖು ಬಂತು, ಎಷ್ಟು ಬಂತು, ಅದಾದ ಎಷ್ಟು ದಿನಕ್ಕೆ ಹಿಂಬಾಲಿಸುವ ಮಳೆ ಬಂತು ಎಂಬುದರ ಮೇಲೆ ಆ ವರ್ಷದ ಫಸಲಿನ ಅಂದಾಜು ನಿಂತಿರುತ್ತದೆ. ಮುಂದಿನ ವರ್ಷ ಸ್ಪ್ರಿಂಕ್ಲರ್ ಹಾಕಬೇಕೇ ಕಾಯಬೇಕೇ ಎಂಬ ಚರ್ಚೆಯಲ್ಲಿ ಹಳೆಯ ಲೆಕ್ಕ ತೆಗೆದು ನೋಡುವುದು ಇಲ್ಲಿನ ರೂಢಿ. ಅಂಥ ಮೂರು ವರ್ಷಗಳ ಲೆಕ್ಕವನ್ನು ನಾನು, ಕೆಡದೇ ಇದ್ದ ಫೋನೊಂದನ್ನು ದುರಸ್ತಿ ಮಾಡುವ ಭರದಲ್ಲಿ ಅಳಿಸಿದ್ದೆ. ಈಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಳಗಿನ ಸಂಗ್ರಹವೆಲ್ಲ ಗೂಢಲಿಪಿಯಲ್ಲಿರುತ್ತದೆ. ಫ್ಯಾಕ್ಟರಿ ರೀಸೆಟ್ ಆದಾಗ ಅದರ ಕೀಲಿಯೇ ನಾಶವಾಗುವುದರಿಂದ ಯಾವ ರಿಕವರಿ ಸಾಫ್ಟ್‌ವೇರೂ ಅದನ್ನು ಮರಳಿ ತರಲಾರದು. ತರಿಸಿಕೊಡುತ್ತೇವೆಂದು ಹಣ ಕೇಳುವವರು ಇದ್ದಾರೆ. ಅವರ ಬಳಿ ಹೋಗಬೇಡಿ ಎಂದಷ್ಟೇ ನಾನು ರೈಟರ್ ಅವರಿಗೆ ಹೇಳಬಲ್ಲವನಾಗಿದ್ದೆ.

ಆ ಭಾನುವಾರ ಬೈಕ್ ತೆಗೆದುಕೊಂಡು ನಾನೇ ತೋಟಕ್ಕೆ ಹೋದೆ. ಮಾಲೀಕರ ಅನುಮತಿ ಕೇಳಿ ರೌಟರಿನ ಒಳಪುಟ ತೆರೆದಾಗ ಕಾರಣ ಕಣ್ಣಮುಂದೆಯೇ ಕುಳಿತಿತ್ತು. ಕೂಲಿಯವರ ಲೈನ್ ಮನೆಗಳ ಹುಡುಗರಿಗೆ ಪಾಸ್‌ವರ್ಡ್ ಗೊತ್ತಾಗಿ, ಮಕ್ಕಳ ತರಗತಿಗೆ ವೇಗ ಸಾಲದೆ ಹೋದಾಗ, ಮಾಲೀಕರ ಸಂಬಂಧಿಯೊಬ್ಬರು ರೌಟರಿನಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದರು. ಆ ಪಟ್ಟಿಯಲ್ಲಿ ಮ್ಯಾಕ್ ವಿಳಾಸ ಇರುವ ಫೋನುಗಳಿಗೆ ಮಾತ್ರ ಪ್ರವೇಶ. ಉಳಿದವರು ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆರೆಯುವುದಿಲ್ಲ. ರೈಟರ್ ಅವರ ಫೋನಿನ ವಿಳಾಸ ಪಟ್ಟಿಯಲ್ಲಿತ್ತು. ಆದರೆ ಅವರ ಕೈಯಲ್ಲಿದ್ದ ಫೋನು ಆಗ ಆ ವಿಳಾಸ ಹೇಳುತ್ತಿರಲಿಲ್ಲ.

ಮ್ಯಾಕ್ ವಿಳಾಸವೆಂದರೆ ಪ್ರತಿ ವೈ-ಫೈ ಚಿಪ್‌ಗೆ ಕಾರ್ಖಾನೆಯಲ್ಲೇ ಕೊಡುವ 48 ಬಿಟ್‌ಗಳ, ಬರೆದರೆ ಹನ್ನೆರಡು ಅಕ್ಷರಗಳ ಗುರುತು. ಅದು ಬದಲಾಗದಿರುವುದರಿಂದಲೇ ಅಂಗಡಿ, ನಿಲ್ದಾಣ, ಹೋಟೆಲುಗಳಲ್ಲಿ ಒಬ್ಬ ಮನುಷ್ಯ ಎಲ್ಲೆಲ್ಲಿ ತಿರುಗಿದನೆಂದು ಅವನ ಫೋನಿನ ಜಾಡು ಹಿಡಿಯಲು ಸಾಧ್ಯವಾಗುತ್ತಿತ್ತು. ಇದನ್ನು ತಪ್ಪಿಸಲು 2019ರಲ್ಲಿ ಬಂದ ಆಂಡ್ರಾಯ್ಡ್ 10, ತಾನು ಸೇರುವ ಒಂದೊಂದು ವೈ-ಫೈಗೂ ಒಂದೊಂದು ಕಲ್ಪಿತ ವಿಳಾಸ ಹೇಳುವುದನ್ನು ಮಾಮೂಲಿ ಪದ್ಧತಿಯನ್ನಾಗಿ ಮಾಡಿತು. 2020ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಐಒಎಸ್ 14 ಅದನ್ನೇ ‘ಖಾಸಗಿ ವಿಳಾಸ’ ಎಂಬ ಹೆಸರಿನಲ್ಲಿ ತಂದಿತು. ಉದ್ದೇಶ ಒಳ್ಳೆಯದೇ. ತೊಂದರೆ ಏನೆಂದರೆ, ರೌಟರಿನ ಪಟ್ಟಿಗೆ ಈ ಸುದ್ದಿ ಮುಟ್ಟಿರುವುದಿಲ್ಲ. ಊರಿಗೆ ಬಂದವನು ಹೆಸರು ಬದಲಿಸಿಕೊಂಡರೆ ಹಳೆಯ ಮತದಾರರ ಪಟ್ಟಿಯಲ್ಲಿ ಅವನು ಸಿಗುವುದು ಹೇಗೆ?

ನನ್ನನ್ನು ಹೆಚ್ಚು ಕಾಡಿದ್ದು ಇದರ ಇನ್ನೊಂದು ಮಗ್ಗುಲು. ಮೊದಲೇ ಉಳಿಸಿಕೊಂಡಿದ್ದ ವೈ-ಫೈಗೆ ಆ ಫೋನು, ಅಪ್‌ಡೇಟ್ ಆದ ಮೇಲೂ, ಕಾರ್ಖಾನೆಯ ವಿಳಾಸವನ್ನೇ ಹೇಳುತ್ತ ಬಂದಿತ್ತು. ‘ಮರೆತುಬಿಡಿ’ ಒತ್ತಿದ ಕ್ಷಣದಲ್ಲಿ ಆ ಹಳೆಯ ಗುರುತು ಹೋಗಿ, ಮತ್ತೆ ಸೇರುವಾಗ ಅದು ಹೊಸ ಫೋನಿನಂತೆ ಕಲ್ಪಿತ ವಿಳಾಸ ತೆಗೆದುಕೊಂಡಿತು. ಅಂದರೆ ಸಂಪರ್ಕವನ್ನು ಕಡಿದದ್ದು ಅಪ್‌ಡೇಟ್ ಒಂದೇ ಅಲ್ಲ. ಅದನ್ನು ಸರಿಮಾಡಲು ಹೊರಟ ಸಲಹೆಯೂ ಹೌದು. ಆಮೇಲೆ ನಾನು ಮಾಡಿದ ಎರಡು ರೀಸೆಟ್‌ಗಳೂ ಅದೇ ‘ಮರೆತುಬಿಡಿ’ಯ ಅಣ್ಣಂದಿರು. ಆ ವೈ-ಫೈ ಹೆಸರಿನ ಒಳಪುಟದಲ್ಲಿರುವ ಗೌಪ್ಯತೆ ಎಂಬಲ್ಲಿ ‘ಫೋನಿನ ಮ್ಯಾಕ್ ಬಳಸು’ ಎಂದು ಬದಲಿಸಿದೆ. ಕೂಡಲೇ ಸಂಪರ್ಕ ಬಂತು. ಕೆಲಸ ಹತ್ತು ನಿಮಿಷದ್ದೂ ಅಲ್ಲ. ಬಂಗಲೆಯವರು ಕೊಟ್ಟ ಕಾಫಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಂದಿನಿಂದ ರೌಟರಿನ ಪಟ್ಟಿ ನೋಡುವಾಗ ನಾನು ಒಂದು ಸಣ್ಣ ಗುರುತನ್ನು ಮೊದಲು ಹುಡುಕುತ್ತೇನೆ. ಮ್ಯಾಕ್ ವಿಳಾಸದ ಎರಡನೆಯ ಅಕ್ಷರ 2, 6 ಆಗಿದ್ದರೆ ಅಥವಾ ಇಂಗ್ಲಿಷಿನ ಎ, ಇ ಆಗಿದ್ದರೆ ಅದು ಕಾರ್ಖಾನೆಯ ವಿಳಾಸವಲ್ಲ, ಸಾಧನ ತಾನೇ ಕಟ್ಟಿಕೊಂಡದ್ದು. ಹೋಮ್‌ಸ್ಟೇ ನಡೆಸುವವರು “ಹತ್ತು ಜನ ಅತಿಥಿಗಳು, ಪಟ್ಟಿಯಲ್ಲಿ ಮೂವತ್ತು ಫೋನು” ಎಂದು ಗಾಬರಿಯಾಗಿ ಫೋಟೋ ಕಳಿಸಿದಾಗ ಈ ಒಂದು ಅಕ್ಷರ ನೋಡಿ ಅರ್ಧ ಉತ್ತರ ಹೇಳಿಬಿಡಬಹುದು. ಮಕ್ಕಳ ಫೋನಿಗೆ ರಾತ್ರಿ ಹತ್ತರ ಮೇಲೆ ಇಂಟರ್ನೆಟ್ ಬರದಂತೆ ರೌಟರಿನಲ್ಲಿ ಗೆರೆ ಹಾಕಿದ ತಂದೆತಾಯಿಯರಿಗೂ ಇದೇ ವಿಷಯ ಇನ್ನೊಂದು ರೂಪದಲ್ಲಿ ಬರುತ್ತದೆ: ಅಲ್ಲಿ ಫೋನು ಹೊರಗೆ ಉಳಿಯುವುದಿಲ್ಲ, ಹೊಸ ಹೆಸರು ಹೇಳಿ ಸಲೀಸಾಗಿ ಒಳಗೆ ಬಂದುಬಿಡುತ್ತದೆ. ಆ ತಂದೆತಾಯಿಯರು ನಮ್ಮಲ್ಲಿಗೆ ದೂರು ತರುವುದು ಮಾತ್ರ ತಡವಾಗಿ.

ಈಗ ಇಂಥ ಫೋನು ಕೌಂಟರಿಗೆ ಬಂದರೆ, ಅದನ್ನು ಕೈಗೆತ್ತಿಕೊಳ್ಳುವ ಮೊದಲು ಮಾತಾಡುತ್ತೇನೆ. ಎಲ್ಲಿ ಹಿಡಿಯುತ್ತಿಲ್ಲ, ಎಲ್ಲಾದರೂ ಹಿಡಿಯುತ್ತದೆಯೇ, ಅದೇ ಜಾಗದಲ್ಲಿ ಬೇರೆಯವರ ಫೋನು ಹೇಗಿದೆ, ಪರದೆಯ ಮೇಲೆ ಬರುವ ಅಕ್ಷರಗಳು ಏನು ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆಗೆ ಹೆಚ್ಚಿನವರು “ಬರಲ್ಲ ಅಂತ ಬರುತ್ತೆ” ಎನ್ನುತ್ತಾರೆ. ಬೇಸರಿಸದೆ ಇನ್ನೊಮ್ಮೆ ಕೇಳಬೇಕು. ಪಾಸ್‌ವರ್ಡ್ ತಪ್ಪು ಎಂದು ಬರುವುದು ಒಂದು ದಾರಿ, ಐಪಿ ವಿಳಾಸ (ರೌಟರು ಫೋನಿಗೆ ಕೊಡುವ ಅಂಕಿಯ ವಿಳಾಸ) ಪಡೆಯಲಾಗುತ್ತಿದೆ ಎಂದು ಅಲ್ಲೇ ನಿಲ್ಲುವುದು ಇನ್ನೊಂದು ದಾರಿ, ಸಂಪರ್ಕವಾಗಿದೆ ಆದರೆ ಇಂಟರ್ನೆಟ್ ಇಲ್ಲ ಎನ್ನುವುದು ಮತ್ತೊಂದೇ ದಾರಿ. ಈ ಮೂರನ್ನೂ ಗಿರಾಕಿ ‘ವೈ-ಫೈ ಹಿಡಿಯುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾನೆ, ಅದು ಅವನ ತಪ್ಪಲ್ಲ.

‘ಇಂಟರ್ನೆಟ್ ಇಲ್ಲ’ ಎಂದು ಫೋನಿಗೆ ತಿಳಿಯುವುದು ಹೇಗೆ ಎಂಬುದು ನನಗೇ ಬಹುಕಾಲ ಗೊತ್ತಿರಲಿಲ್ಲ. ವೈ-ಫೈ ಸೇರಿದ ಕೂಡಲೇ ಆಂಡ್ರಾಯ್ಡ್ ಫೋನು ಗೂಗಲ್‌ನ ಒಂದು ವಿಳಾಸಕ್ಕೆ ಸದ್ದಿಲ್ಲದೆ ಕರೆ ಕಳಿಸುತ್ತದೆ. ಅಲ್ಲಿಂದ 204 ಎಂಬ ಸಂಖ್ಯೆಯ ಖಾಲಿ ಉತ್ತರ ಬಂದರೆ ದಾರಿ ತೆರೆದಿದೆ ಎಂದು ತಿಳಿಯುತ್ತದೆ, ಬರದಿದ್ದರೆ ವೈ-ಫೈ ಚಿಹ್ನೆಯ ಮೇಲೆ ಆಶ್ಚರ್ಯಸೂಚಕ ಹಾಕಿ ಮೊಬೈಲ್ ಡೇಟಾಕ್ಕೆ ಹೊರಳುತ್ತದೆ. ಐಫೋನು ಆಪಲ್‌ನ ಒಂದು ಪರೀಕ್ಷಾ ಪುಟವನ್ನು ಕೇಳುತ್ತದೆ. 2012ರ ಸೆಪ್ಟೆಂಬರ್‌ನಲ್ಲಿ ಐಒಎಸ್ 6 ಬಿಡುಗಡೆಯಾದ ದಿನ ಆ ಪುಟವೇ ಕೆಲಕಾಲ ಕಾಣೆಯಾಗಿ, ಜಗತ್ತಿನಾದ್ಯಂತ ಹೊಸದಾಗಿ ಅಪ್‌ಡೇಟ್ ಮಾಡಿಕೊಂಡವರು ತಮ್ಮ ಮನೆಯ ವೈ-ಫೈ ಕೆಟ್ಟಿತೆಂದು ತಿಳಿದರು. ಫೋನೂ ಚೆನ್ನಾಗಿತ್ತು, ಮನೆಯ ರೌಟರೂ ಚೆನ್ನಾಗಿತ್ತು. ಕೆಟ್ಟಿದ್ದು ಯಾರೂ ನೋಡದ ಮೂರನೆಯ ಕಡೆ. ಆ ದಿನ ರೀಸೆಟ್ ಮಾಡಿ ಫೋಟೋ ಕಳೆದುಕೊಂಡವರು ಎಷ್ಟು ಮಂದಿಯೋ ಎಂದು ಈಗ ಯೋಚಿಸುತ್ತೇನೆ.

ನಮ್ಮ ಅಂಗಡಿಗೆ ಬರುವ ‘ಇಂಟರ್ನೆಟ್ ಇಲ್ಲ’ ಪ್ರಕರಣಗಳಲ್ಲಿ ಹಲವು ‘ಖಾಸಗಿ ಡಿಎನ್‌ಎಸ್’ನಿಂದ ಬಂದವು. ಜಾಲತಾಣದ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ; ಅದನ್ನು ಯಾರ ಬಳಿ ಕೇಳಬೇಕೆಂದು ನಾವೇ ಆರಿಸುವ, 2018ರ ಆಂಡ್ರಾಯ್ಡ್ 9ರಲ್ಲಿ ಸೇರಿದ ಸೌಲಭ್ಯವಿದು. ಯಾವುದೋ ವಿಡಿಯೋ ನೋಡಿ, ಜಾಹೀರಾತು ಬರದಂತೆ ಮಾಡಲು ಜನ ಅಲ್ಲಿ ಒಂದು ಹೆಸರು ಬರೆದಿರುತ್ತಾರೆ. ಹಾಗೆ ಹೆಸರು ಬರೆದ ಮೇಲೆ ಫೋನು 853 ಎಂಬ ಪೋರ್ಟಿನ, ಅಂದರೆ ಸಂಖ್ಯೆ ಹಾಕಿದ ಒಂದು ಬಾಗಿಲಿನ, ಮೂಲಕ ಆ ಒಬ್ಬನನ್ನೇ ಕೇಳುತ್ತದೆ; ಅವನು ಸಿಗದಿದ್ದರೆ ಇನ್ನೊಬ್ಬನನ್ನು ಕೇಳುವುದಿಲ್ಲ. ಕಚೇರಿಯ ಅಥವಾ ಲಾಡ್ಜಿನ ವೈ-ಫೈ ಆ ಪೋರ್ಟನ್ನು ಮುಚ್ಚಿದ್ದರೆ ಎಲ್ಲವೂ ಸ್ತಬ್ಧ. ಇದಕ್ಕೂ ಅಪ್‌ಡೇಟಿಗೂ ಎಷ್ಟೋ ಸಲ ಯಾವ ಸಂಬಂಧವೂ ಇರುವುದಿಲ್ಲ. ಅಪ್‌ಡೇಟ್ ನಿನ್ನೆಯಷ್ಟೇ ಆಗಿದ್ದರಿಂದ ಬೈಗುಳ ಅದಕ್ಕೆ ಬೀಳುತ್ತದೆ. ಆ ಖಾಸಗಿ ಡಿಎನ್‌ಎಸ್ ಅನ್ನು ‘ಸ್ವಯಂಚಾಲಿತ’ಕ್ಕೆ ತಿರುಗಿಸಿ ಫೋನು ವಾಪಸ್ ಕೊಡುವಾಗ ಹಣ ಕೇಳಲು ನನಗೆ ಇಂದಿಗೂ ಸಂಕೋಚ. ನಮ್ಮ ಯಜಮಾನರು ಕೇಳು ಎನ್ನುತ್ತಾರೆ, “ತಿಳಿವಳಿಕೆಗೂ ಬೆಲೆ ಇದೆ” ಎನ್ನುತ್ತಾರೆ. ಅವರು ಹೇಳುವುದೂ ಸರಿಯೇ ಇರಬಹುದು.

ರಜೆಗೆಂದು ಊರಿಗೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳದು ಬೇರೆ ಬಗೆಯ ತೊಡಕು. ಮನೆಯ ವೈ-ಫೈ ಚೆನ್ನಾಗಿದೆ, ಕಾಲೇಜಿನದು ಮಾತ್ರ ಆಗುವುದಿಲ್ಲ. ಕಾಲೇಜಿನಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇರದೆ, ಒಬ್ಬೊಬ್ಬರಿಗೂ ಹೆಸರು ಮತ್ತು ಗುಪ್ತಪದ ಕೊಡುವ ವ್ಯವಸ್ಥೆಯಿತ್ತು. ಅಂಥ ಕಡೆ ಎದುರಿಗಿರುವ ಸರ್ವರ್ ನಿಜವಾಗಿ ಕಾಲೇಜಿನದೇ ಎಂದು ಫೋನು ಪ್ರಮಾಣಪತ್ರ ನೋಡಿ ಪರೀಕ್ಷಿಸಬೇಕು. ಆದರೆ ‘ಪರೀಕ್ಷಿಸಬೇಡ’ ಎಂಬ ಆಯ್ಕೆಯೊಂದು ಹಿಂದಿನಿಂದ ಇತ್ತು, ಎಲ್ಲರೂ ಅದನ್ನೇ ಒತ್ತುತ್ತಿದ್ದರು. ಆಂಡ್ರಾಯ್ಡ್ 11ರಲ್ಲಿ, 2020ರ ಕೊನೆಯಿಂದ, ಆ ಆಯ್ಕೆಯನ್ನು ತೆಗೆಯುತ್ತ ಬಂದರು. ಮೊದಲೇ ಉಳಿಸಿಕೊಂಡಿದ್ದವರಿಗೆ ಸಂಪರ್ಕ ನಡೆಯುತ್ತಿತ್ತು, ‘ಮರೆತುಬಿಡಿ’ ಒತ್ತಿದವರಿಗೆ ಮರಳಿ ಸೇರುವ ದಾರಿ ಕಾಣುತ್ತಿರಲಿಲ್ಲ. ಅವಳ ಫೋನಿಗೆ ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಪ್ರಮಾಣಪತ್ರ ಮತ್ತು ಡೊಮೇನ್ ಹೆಸರನ್ನು ಕೇಳಿ ಪಡೆಯಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಎಂಜಿನಿಯರಿಂಗ್ ಕಾಲೇಜಿಗೇ ರಿಪೇರಿ ಅಂಗಡಿಯ ಚೀಟಿಯೇ ಎಂದು ಅವಳು ನಕ್ಕಳು.

ಗೋಡೆಗಳ ವಿಷಯವನ್ನೂ ಹೇಳಬೇಕು. ಇಲ್ಲಿನ ಹಳೆಯ ತೊಟ್ಟಿ ಮನೆಗಳ ಮಣ್ಣಿನ ಗೋಡೆಗಳು ಒಂದೂವರೆ ಅಡಿಗೂ ದಪ್ಪ. ಮಳೆಗಾಲದಲ್ಲಿ ನೀರುಂಡು ಇನ್ನಷ್ಟು ಮಂದವಾಗುತ್ತವೆ. ರೌಟರು ಹೊರಡಿಸುವ ಎರಡು ಬಗೆಯ ಅಲೆಗಳಲ್ಲಿ 2.4 ಗಿಗಾಹರ್ಟ್ಸ್‌ನದು ಅವುಗಳನ್ನು ಹೇಗೋ ದಾಟುತ್ತದೆ. 5 ಗಿಗಾಹರ್ಟ್ಸ್‌ನದು ವೇಗವೇನೋ ಹೌದು, ಒಂದು ಗೋಡೆ ದಾಟುವಷ್ಟರಲ್ಲಿ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟ ರೌಟರಿನಲ್ಲಿ ಯಾವುದನ್ನು ಹಿಡಿಯಬೇಕು, ಯಾವಾಗ ಬಿಟ್ಟು ಇನ್ನೊಂದಕ್ಕೆ ಹೋಗಬೇಕು ಎಂದು ತೀರ್ಮಾನಿಸುವುದು ಫೋನಿನ ಸಾಫ್ಟ್‌ವೇರು. ಅಪ್‌ಡೇಟಿನಲ್ಲಿ ವೈ-ಫೈ ಚಿಪ್‌ನ ಫರ್ಮ್‌ವೇರೂ (ಚಿಪ್‌ನೊಳಗೇ ಇದ್ದು ಅದನ್ನು ನಡೆಸುವ ಸಾಫ್ಟ್‌ವೇರು) ಬಂದಿರುತ್ತದಾದ್ದರಿಂದ ಆ ತೀರ್ಮಾನದ ರೀತಿ ಬದಲಾಗಬಹುದು. ನಿನ್ನೆಯವರೆಗೆ ಅಡುಗೆಮನೆಯಲ್ಲಿ 2.4ರಲ್ಲಿ ನೆಮ್ಮದಿಯಾಗಿದ್ದ ಫೋನು ಇಂದು 5ಕ್ಕೆ ಅಂಟಿಕೊಂಡು ಕಡ್ಡಿ ಎಣಿಸುತ್ತ ಕೂರಬಹುದು. ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟರೆ ಮನೆಯವರೇ ಆರಿಸಿಕೊಳ್ಳುತ್ತಾರೆ. ಪಕ್ಕದ ಹಾಸನದಲ್ಲಿ 1982ರಿಂದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳೊಂದಿಗೆ ಮಾತಾಡುತ್ತದೆ, ನಿಮಗೆ ಜಗಲಿಯಿಂದ ಅಡುಗೆಮನೆಗೆ ಆಗುವುದಿಲ್ಲವೇ ಎಂದು ಹಿರಿಯರೊಬ್ಬರು ನನ್ನನ್ನು ಕೆಣಕಿದ್ದರು. ಅಲ್ಲಿ ನಡುವೆ ನಿಮ್ಮ ಅಜ್ಜ ಕಟ್ಟಿಸಿದ ಗೋಡೆ ಇಲ್ಲವಲ್ಲ ಎಂದೆ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಫೋನು ಯಾವಾಗಲೂ ನಿರಪರಾಧಿ ಎಂದೇನೂ ಅಲ್ಲ. ವೈ-ಫೈ ಸ್ವಿಚ್ಚೇ ಬೂದುಬಣ್ಣಕ್ಕೆ ತಿರುಗಿ ಒತ್ತಿದರೂ ಅಲುಗಾಡದೆ ಇದ್ದರೆ ಕೂಡಲೇ ಬ್ಲೂಟೂತ್ ಹಾಕಿ ನೋಡುತ್ತೇನೆ. ಹೆಚ್ಚಿನ ಫೋನುಗಳಲ್ಲಿ ಎರಡೂ ಒಂದೇ ಚಿಪ್‌ನಲ್ಲಿರುತ್ತವೆ. ಎರಡೂ ಸತ್ತಿದ್ದರೆ ಚಿಪ್ ಅಥವಾ ಅದರ ಬೆಸುಗೆಯ ಮೇಲೆ ಅನುಮಾನ. ಮಲೆನಾಡಿನಲ್ಲಿ ಇದಕ್ಕೆ ಕಾರಣಗಳಿಗೆ ಬರವಿಲ್ಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ನೆನೆದ ಫೋನನ್ನು ಒಲೆಯ ದಂಡೆಯ ಮೇಲಿಟ್ಟು ಒಣಗಿಸುವ ಅಭ್ಯಾಸ. ತಿಂಗಳುಗಟ್ಟಲೆ ಸ್ವಿಚ್ ಆಫ್ ಮಾಡದೆ ಇಟ್ಟ ಫೋನು ಅಪ್‌ಡೇಟಿಗಾಗಿ ಮೊದಲ ಬಾರಿ ಪೂರ್ತಿ ರೀಸ್ಟಾರ್ಟ್ ಆಗುತ್ತದೆ, ಆ ಹೊತ್ತಿನಲ್ಲಿ ಚೆನ್ನಾಗಿ ಬಿಸಿಯೂ ಆಗುತ್ತದೆ; ಮೊದಲೇ ಬಿರುಕು ಬಿಟ್ಟಿದ್ದ ಬೆಸುಗೆ ಆಗ ಎಚ್ಚೆತ್ತುಕೊಳ್ಳುವುದಿಲ್ಲ. ಗಿರಾಕಿಗೆ ಅದು ಅಪ್‌ಡೇಟಿನ ಕೊಲೆಯಂತೆ ಕಾಣುತ್ತದೆ. ಇಂಥ ಫೋನಿಗೆ ಮಾತ್ರ ನಾನು ಬೋರ್ಡ್ ಬಿಚ್ಚುತ್ತೇನೆ, ಅದೂ ಒಳಗಿರುವುದನ್ನೆಲ್ಲ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ.

ಇಷ್ಟು ರಗಳೆ ಇರುವಾಗ ಅಪ್‌ಡೇಟನ್ನೇ ಮಾಡದಿದ್ದರಾಯಿತಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಕಸುಬಿನವರೇ ಕೆಲವರು ಗಿರಾಕಿಗಳಿಗೆ ಹಾಗೆಂದು ಹೇಳಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. 2017ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ಸಂಶೋಧಕ ಮ್ಯಾಥಿ ವಾನ್‌ಹೂಫ್, ಆಗ ಬಹುಪಾಲು ಮನೆ ಕಚೇರಿಗಳ ವೈ-ಫೈ ಕಾಯುತ್ತಿದ್ದ ಡಬ್ಲ್ಯೂಪಿಎ2 ಎಂಬ ಭದ್ರತಾ ಪದ್ಧತಿಯಲ್ಲೇ ಒಂದು ಬಿರುಕನ್ನು ತೋರಿಸಿದರು; ಹತ್ತಿರದಲ್ಲಿ ಕುಳಿತವನು ಫೋನು ಕಳಿಸುವುದನ್ನು ಓದಿಕೊಳ್ಳಲು ಅದರಿಂದ ಸಾಧ್ಯವಿತ್ತು. ಪಾಸ್‌ವರ್ಡ್ ಬದಲಿಸಿ ಅದನ್ನು ಮುಚ್ಚಲಾಗುತ್ತಿರಲಿಲ್ಲ. ಅಪ್‌ಡೇಟ್ ಒಂದೇ ದಾರಿ. ಅಪ್‌ಡೇಟುಗಳು ವೈ-ಫೈ ಭಾಗವನ್ನು ಪದೇಪದೇ ಮುಟ್ಟುವುದಕ್ಕೆ ಇಂಥ ಕಾರಣಗಳಿವೆ. ಐಫೋನಿನಲ್ಲಿ ಐಒಎಸ್ 14ರಿಂದ ‘ದುರ್ಬಲ ಭದ್ರತೆ’ ಎಂಬ ಎಚ್ಚರಿಕೆ ಕಾಣತೊಡಗಿದ್ದು ಫೋನು ಕೆಟ್ಟಿದ್ದರಿಂದಲ್ಲ, ರೌಟರು ಟಿಕೆಐಪಿ ಎಂಬ ಹಳೆಯ ಗೂಢಲಿಪಿ ಪದ್ಧತಿಯಲ್ಲೇ ಉಳಿದಿದ್ದರಿಂದ. ಫೋನು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ರೌಟರನ್ನು ಮಾತ್ರ ನಾವು ದೇವರ ಪಟದ ಪಕ್ಕದಲ್ಲಿ ಮೊಳೆ ಹೊಡೆದು ಶಾಶ್ವತವಾಗಿ ಕೂರಿಸಿರುತ್ತೇವೆ. ಅದರ ಮೇಲಿನ ಧೂಳನ್ನಾದರೂ ಹಬ್ಬಕ್ಕೆ ಒರೆಸುತ್ತಾರೆ, ಅದರ ಫರ್ಮ್‌ವೇರ್ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಈಗ ನಮ್ಮ ಅಂಗಡಿಯ ಜಾಬ್ ಚೀಟಿಯಲ್ಲಿ ನಾನೇ ಸೇರಿಸಿಕೊಂಡ ಎರಡು ಸಾಲುಗಳಿವೆ. ನೆಟ್‌ವರ್ಕ್ ರೀಸೆಟ್ ಮಾಡಿದರೆ ಉಳಿಸಿದ ವೈ-ಫೈ ಪಾಸ್‌ವರ್ಡುಗಳು, ಬ್ಲೂಟೂತ್ ಜೋಡಣೆಗಳು ಹೋಗುತ್ತವೆ ಎಂದು ತಿಳಿಸಲಾಗಿದೆಯೇ ಎಂಬುದು ಒಂದು. ಪೂರ್ತಿ ರೀಸೆಟ್‌ಗೆ ಮೊದಲು ಫೋಟೋ ಬಿಟ್ಟು ಬೇರೆ ಏನೇನು ಬರೆದಿಟ್ಟಿದ್ದೀರಿ, ಯಾವ ಆ್ಯಪ್‌ನಲ್ಲಿ ಎಂದು ಕೇಳಲಾಗಿದೆಯೇ ಎಂಬುದು ಎರಡನೆಯದು. ಎರಡನೆಯ ಸಾಲಿಗೆ ಬರುವ ಉತ್ತರಗಳು ವಿಚಿತ್ರವಾಗಿರುತ್ತವೆ: ಹಾಲಿನ ಡೈರಿಯ ಲೆಕ್ಕ, ಚೀಟಿ ಹಣ ಕಟ್ಟಿದ ತಾರೀಖುಗಳು, ಸಕ್ಕರೆ ಕಾಯಿಲೆಯವರ ಬೆಳಗಿನ ಸಂಖ್ಯೆ, ಒಬ್ಬರದು ಸೊಸೆಯ ಹೆರಿಗೆಗೆ ಬಂದ ಉಡುಗೊರೆಗಳ ಪಟ್ಟಿ. ಇವುಗಳಲ್ಲಿ ಯಾವುದನ್ನೂ ‘ಡೇಟಾ’ ಎಂದು ಅವರು ಕರೆಯುವುದಿಲ್ಲ. ಹಾಗಾಗಿ ಡೇಟಾ ಇದೆಯೇ ಎಂದು ಕೇಳಿದರೆ ಇಲ್ಲ ಎಂದೇ ಹೇಳುತ್ತಾರೆ.

ರೈಟರ್ ಈಗಲೂ ನಮ್ಮಲ್ಲಿಗೇ ಬರುತ್ತಾರೆ. ಅಪ್‌ಡೇಟ್ ಬಂದಿದೆ ಎಂದು ಫೋನು ಹೇಳಿದಾಗಲೆಲ್ಲ ಮೊದಲು ನನಗೆ ಕರೆ ಮಾಡಿ, “ಮಾಡ್ಲಾ?” ಎಂದು ಕೇಳುತ್ತಾರೆ, ಮಾಡಿ, ಆದರೆ ಯಾರು ಏನೇ ಹೇಳಿದರೂ ‘ಮರೆತುಬಿಡಿ’ ಒತ್ತಬೇಡಿ ಎನ್ನುತ್ತೇನೆ. ಮಳೆ ಲೆಕ್ಕಕ್ಕೆ ಅವರು ಮತ್ತೆ ಪುಸ್ತಕ ಹಿಡಿದಿದ್ದಾರೆ, ತಿಂಗಳ ಕೊನೆಗೆ ಹಾಳೆಯ ಫೋಟೋ ತೆಗೆದು ಮಗನಿಗೆ ಕಳಿಸುತ್ತಾರೆ. ಕಳೆದುಹೋದ ಮೂರು ವರ್ಷಗಳ ಅಂಕಿಗಳನ್ನು ಪಕ್ಕದ ತೋಟದ ಪುಸ್ತಕದಿಂದ ನಕಲು ಮಾಡಿಕೊಂಡಿದ್ದಾರೆ. ಒಂದು ದಿನ ಆ ಪುಸ್ತಕವನ್ನು ಕೌಂಟರಿನ ಮೇಲೆ ತೆರೆದು ತೋರಿಸಿದರು. ತಾವು ಅಳೆದ ಮಳೆಯೆಲ್ಲ ನೀಲಿ ಶಾಯಿಯಲ್ಲಿತ್ತು. ಆ ಮೂರು ವರ್ಷಗಳದು ಮಾತ್ರ ಪೆನ್ಸಿಲ್‌ನಲ್ಲಿ. ಯಾಕೆ ಹೀಗೆ ಎಂದು ಕೇಳಿದೆ. “ಗುಡ್ಡದ ಆ ಕಡೆ ಸುರಿದ ಮಳೆ ನಮ್ಮ ಮಳೆ ಅಲ್ಲವಲ್ಲ” ಎಂದು ಪುಸ್ತಕ ಮುಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕೊಡೆ ಬಿಚ್ಚಿಕೊಂಡು ಬಸ್ ನಿಲ್ದಾಣದ ಕಡೆ ಹೊರಟರು.